ನಲವತ್ತರ ಮಸೂರದಲ್ಲಿ ಮಂಜು

ಮಾರ್ಚ್ 3, ಬೆಳಿಗ್ಗೆ 7
ಹೂದಾನಿಯ ಹಳೆಯ ನೀರು, ಒಂದು ಹನಿ. ಸೂಕ್ಷ್ಮದರ್ಶಕದ ಹತ್ತು ಪಟ್ಟಿನ ಮಸೂರದಲ್ಲಿ ಪ್ಯಾರಮೀಸಿಯಂ, ಒಂದೇ ಕೋಶದ ಜೀವಿ. ನಲವತ್ತರಲ್ಲಿ ಅದರ ರೋಮಗಳೂ ಸ್ಪಷ್ಟ. ಹೊಸದಾಗಿ ತರಿಸಿದ ನೂರರ ಮಸೂರಕ್ಕೆ ಎಣ್ಣೆಯ ಹನಿಯಿಟ್ಟು ಬ್ಯಾಕ್ಟೀರಿಯಾ ನೋಡಿದೆ. ಪುನಃ ನಲವತ್ತಕ್ಕೆ ತಿರುಗಿಸಿದೆ, ಅಷ್ಟರಲ್ಲಿ ಹೆಂಡತಿ ತಿಂಡಿಗೆ ಕರೆದಳು.
ಪ್ರಯೋಗಾಲಯಕ್ಕೆ ಯಾವ ಮಸೂರಗಳನ್ನು ಕೊಳ್ಳಬೇಕೆಂದು ನಾನು ಪಾಠ ಮಾಡುತ್ತಿದ್ದ ಶಾಲೆಯವರು ಕೇಳಿದ್ದಾರೆ. ಇಪ್ಪತ್ತನೇ ತಾರೀಖಿನೊಳಗೆ ಉತ್ತರಿಸಬೇಕು.

ಮಾರ್ಚ್ 4
ನಲವತ್ತರಲ್ಲಿ ಎಲ್ಲವೂ ಮಬ್ಬು. ಸ್ಲೈಡ್ ಬದಲಿಸಿದೆ. ಬಲಗಣ್ಣು, ಎಡಗಣ್ಣು — ಅದೇ ಮಂಜು. ಹತ್ತರಲ್ಲಿ ಮಾತ್ರ ಸ್ಪಷ್ಟ.
ದರ್ಜಿಯಾಗಿದ್ದ ಅಣ್ಣನಿಗೂ ಹೀಗೆಯೇ ಆರಂಭವಾಗಿತ್ತು. ಪತ್ರಿಕೆ ಓದುತ್ತಿದ್ದ, ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ. ಎರಡೇ ವರ್ಷ... ಆಮೇಲೆ ಗೋಡೆ ತಡವಿಕೊಂಡು ನಡೆದ.

ಮಾರ್ಚ್ 11
ಸೂಕ್ಷ್ಮದರ್ಶಕವನ್ನು ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಏಕೆಂದು ಇವಳು ಕೇಳಿದಳು. ಬೇಸರ ಎಂದೆ. ಸುಳ್ಳು.
ಶಾಲೆಗೆ 'ಅಸಮರ್ಥನಾಗಿದ್ದೇನೆ' ಎಂದು ಪತ್ರ ಬರೆದೆ. ಅಂಚೆಗೆ ಹಾಕಲಿಲ್ಲ.
ಕಣ್ಣು ಮುಚ್ಚಿ, ಬಾಯಲ್ಲಿ ಎಣಿಸುತ್ತ, ಮಂಚದಿಂದ ಬಚ್ಚಲಿನವರೆಗೆ ನಡೆದು ನೋಡಿದೆ. ಹದಿನಾಲ್ಕು ಹೆಜ್ಜೆ. ಕಲಿತಿಟ್ಟಿರುವುದು ಒಳ್ಳೆಯದು.

ಮಾರ್ಚ್ 14, ಸಂಜೆ 5
ಆಸ್ಪತ್ರೆಯ ಲ್ಯಾಬಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿ ಬಂದಿದ್ದಳು. ಹೆಂಡತಿಯೇ ಫೋನು ಮಾಡಿ ಕರೆಸಿದ್ದಳಂತೆ. ಪೆಟ್ಟಿಗೆ ತೆಗೆಸಿ, ನಲವತ್ತರಲ್ಲಿ ಕಣ್ಣಿಟ್ಟಳು.
"ನನಗೂ ಮಬ್ಬೇ ಸರ್."
ಕುರ್ಚಿಯ ತೋಳನ್ನು ಹಿಡಿದುಕೊಂಡೆ. ಇನ್ನೊಮ್ಮೆ ಹೇಳು ಎಂದೆ. ಹೇಳಿದಳು.
ಮಸೂರವನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ತುದಿಯಲ್ಲಿ ಒಣಗಿದ ಎಣ್ಣೆ. ಅಂದು ನೂರರಿಂದ ನಲವತ್ತಕ್ಕೆ ತಿರುಗಿಸುವಾಗ ಅದನ್ನು ಎಣ್ಣೆಯಲ್ಲಿ ಅದ್ದಿದವನು ನಾನೇ.
"ಲೆನ್ಸಿಗೆ ಎಣ್ಣೆ ಹಚ್ಚಿದೆ ಅಂತ ಒಂದು ಪೀರಿಯಡ್ ಪೂರ್ತಿ ನನ್ನ ನಿಲ್ಲಿಸಿದ್ರಿ, ನೆನಪಿದೆಯಾ ಸರ್?"
ಲೆನ್ಸ್ ಅಲ್ಲ, 'ಮಸೂರ' ಎಂದು ಎಂದಿನಂತೆ ತಿದ್ದಲಿಲ್ಲ.
"ಹಾಗಾದ್ರೆ ಇವರನ್ನೂ ನಿಲ್ಸಮ್ಮ," ಎಂದಳು ಹೆಂಡತಿ.
ಎದ್ದು ನಿಂತೆ. ಮೂವರೂ ನಕ್ಕೆವು. ನನ್ನ ನಗು ಬೇಗ ನಿಲ್ಲಲಿಲ್ಲ.

ಮಾರ್ಚ್ 15, ಬೆಳಿಗ್ಗೆ
ಒರೆಸಿದ ನಲವತ್ತರಲ್ಲಿ ಒಂದೊಂದು ರೋಮವೂ ಕಂಡಿತು. ಹಳೆಯ ಪತ್ರ ಹರಿದು ಹೊಸದು ಬರೆದೆ: ಮಕ್ಕಳಿಗೆ ನಾಲ್ಕು, ಹತ್ತು, ನಲವತ್ತು ಸಾಕು. ನೂರರದು ಒಂದೇ ಇರಲಿ, ಬೇರೆ ಸೂಕ್ಷ್ಮದರ್ಶಕದಲ್ಲಿ. ಕಾರಣ — ಅನುಭವ.
ಇವಳಿಗೆ ಅಣ್ಣನ ನೆನಪು, ನನ್ನ ಭಯ, ಎಲ್ಲ ಹೇಳಿದೆ. ಸೊಪ್ಪು ಬಿಡಿಸುತ್ತಲೇ ಕೇಳಿಸಿಕೊಂಡಳು.
"ಗೊತ್ತಿತ್ತು ರೀ. ಕಣ್ಮುಚ್ಕೊಂಡು ಎಣಿಸ್ತಾ ಹೋದಾಗ ಹಿಂದೇನೇ ಇದ್ದೆ, ಬಿದ್ದೀರಿ ಅಂತ. ಹದಿನಾಲ್ಕಲ್ಲ ಅದು, ಹದಿನೈದು."
ಹದಿನಾಲ್ಕೇ. ಈಗಲೇ ಹೋಗಿ, ಕಣ್ಣು ತೆರೆದುಕೊಂಡು ಎಣಿಸಿ ಬರುತ್ತೇನೆ.