ಪ್ರಜೆಗಳ ಪುಸ್ತಕ

ಭಾನುವಾರ, ಮಧ್ಯಾಹ್ನ ಮೂರು ಗಂಟೆ
ಹೊಲಿಗೆ ಮಿಷನ್ನಿನ ಮೇಜಿನಿಂದ

ಕರ್ತನಲ್ಲಿ ಪ್ರೀತಿಯ ನನ್ನ ಚಿನ್ನಿಗೆ, ಅಮ್ಮ ಕಳಿಸುವ ಮುತ್ತುಗಳು.

ಇನ್ನೂ ಊಟ ಮಾಡಿಲ್ಲ. ಆರಾಧನೆ ಮುಗಿಸಿ ಬಂದವಳೇ ಚಪ್ಪಲಿ ಬಿಟ್ಟು ಕಾಗದ ಹುಡುಕಿದೆ. ಕೈಗೆ ಸಿಕ್ಕಿದ್ದು ಗಿರಾಕಿಗಳ ಅಳತೆ ಬರೆಯುವ ಪುಸ್ತಕ. ಹಾಳೆಯ ಹಿಂದೆ ಯಾರದೋ ಸೊಂಟದ ಅಳತೆ ಇದೆ, ಅದನ್ನು ಓದಬೇಡ, ಪಾಪ, ನನ್ನನ್ನು ನಂಬಿ ಕೊಟ್ಟದ್ದು. ನಗುತ್ತಾ ಬರೆಯುತ್ತಿದ್ದೇನೆ, ನಡುನಡುವೆ ಅಳುತ್ತಲೂ ಇದ್ದೇನೆ. ಅಕ್ಷರ ಎಲ್ಲಾದರೂ ಹರಡಿದ್ದರೆ ಶಾಯಿಯನ್ನು ಬೈಯಬೇಡ.

ಪುಟ್ಟಿಯ ಫೋಟೊ ಬಂತು. ಐದು ವರ್ಷದ ಮೊಮ್ಮಗಳ ಮುಖವನ್ನು ಈಗ ಮೊದಲ ಸಲ ನೋಡಿದೆ. ಜೊತೆಗೆ ನೀನು ಬರೆದದ್ದು ಎರಡೇ ಸಾಲು: ಚೆನ್ನಾಗಿದ್ದೇವೆ, ಇವಳು ನಿನ್ನ ಹಾಗೆಯೇ ಹುಬ್ಬು ಗಂಟಿಕ್ಕುತ್ತಾಳೆ. ಆ ಎರಡು ಸಾಲನ್ನು ನಾನು ಎಷ್ಟು ಸಲ ಓದಿದೆ ಎಂದು ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ. ಫ್ರಾಕಿನ ಅಂಚು ಮಾತ್ರ ಎಡಗಡೆ ಒಂದು ಬೆರಳಿನಷ್ಟು ಇಳಿದಿದೆ. ಯಾವ ಪುಣ್ಯಾತ್ಮ ಹೊಲಿದದ್ದು? ನೀನೇ ಹೊಲಿದಿದ್ದರೆ ಬಹಳ ಚೆನ್ನಾಗಿದೆ.

ಈಗ ವಿಷಯಕ್ಕೆ ಬರುತ್ತೇನೆ. ಇವತ್ತು ನಮ್ಮ ಸಭೆಯಲ್ಲಿ ಪುಸ್ತಕ ಓದುವ ಭಾನುವಾರ. ನಿನಗೆ ಎಲ್ಲ ಗೊತ್ತು, ಪುಟ್ಟಿಗೆ ಗೊತ್ತಿಲ್ಲವಲ್ಲ, ಅವಳಿಗಾಗಿ ಬಿಡಿಸಿ ಬರೆಯುತ್ತೇನೆ, ಓದಿ ಹೇಳು. ಪುಟ್ಟೀ, ನಮ್ಮ ಸಭೆ ಕೂಡುವುದು ಒಂದು ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಪ್ರಾರ್ಥನೆ ಮಾಡುವಾಗಲೂ ಚೈನಿಗೆ ಹಾಕುವ ಎಣ್ಣೆಯ ವಾಸನೆ ಬರುತ್ತದೆ. ಅಲ್ಲಿ ಒಂದು ದಪ್ಪ ಪುಸ್ತಕವಿದೆ. ಬೇರೆಯವರಾದರೆ ಸದಸ್ಯರ ಪಟ್ಟಿ ಎನ್ನುತ್ತಿದ್ದರು, ನಾವು ಪ್ರಜೆಗಳ ಪುಸ್ತಕ ಎನ್ನುತ್ತೇವೆ, ಏಕೆಂದರೆ ನಾವು ದೇವರ ರಾಜ್ಯದ ಪ್ರಜೆಗಳು. ವರ್ಷಕ್ಕೊಮ್ಮೆ ಪಾಸ್ಟರು ಅದರಲ್ಲಿರುವ ಹೆಸರನ್ನೆಲ್ಲ ಓದುತ್ತಾರೆ. ಬಂದವರು ಎದ್ದು ನಿಂತು ಇದ್ದೇನೆ ಎನ್ನಬೇಕು. ದೂರ ಹೋದವರ ಪರವಾಗಿ ಮನೆಯವರು ಬರುತ್ತಾರೆ ಎನ್ನಬೇಕು. ತೀರಿಕೊಂಡವರ ಹೆಸರನ್ನೂ ಬಿಡುವುದಿಲ್ಲ. ಆ ಹೆಸರು ಬಂದಾಗ ಇಡೀ ಸಭೆ ಒಟ್ಟಿಗೆ ಇದ್ದಾರೆ ಎಂದು ಕೂಗುತ್ತದೆ. ಆ ರಾಜ್ಯದಲ್ಲಿ ಸತ್ತವರ ಹೆಸರಿನ ಮೇಲೆ ಗೆರೆ ಎಳೆಯುವ ಪದ್ಧತಿ ಇಲ್ಲ ನೋಡು. ನಿನ್ನ ತಾತನ ಹೆಸರು ಓದಿದಾಗಲಂತೂ ಕಿಟಕಿಯ ಗಾಜು ಅದುರುತ್ತದೆ. ಬದುಕಿದ್ದಾಗ ಒಂದು ಭಾನುವಾರವೂ ಹೊತ್ತಿಗೆ ಸರಿಯಾಗಿ ಬಂದವರಲ್ಲ, ಅದೂ ವಾಚ್ ರಿಪೇರಿ ಮಾಡುವವರು! ಈಗ ಪ್ರತಿ ವರ್ಷ ತಪ್ಪದೆ ಹಾಜರಿ.

ಆ ಪುಸ್ತಕ ಬರೆಯುವವಳು ನಿನ್ನ ಅಜ್ಜಿ. ಅಕ್ಷರ ದುಂಡಗಿದೆ ಎಂದು ಕೊಟ್ಟ ಕೆಲಸ, ಮೂವತ್ತು ವರ್ಷದಿಂದ ನನ್ನದೇ. ಇನ್ನು ಮುಂದಿನದು ನಿನ್ನ ಅಮ್ಮನಿಗೆ, ನೀನು ಹೋಗಿ ಆಡಿಕೋ.

ಚಿನ್ನಿ, ಏಳು ವರ್ಷದ ಹಿಂದೆ ನೀನು ಬರೆದಿದ್ದೆ, ನನ್ನ ಹೆಸರನ್ನು ಆ ಪುಸ್ತಕದಿಂದ ಹೊಡೆದು ಹಾಕು, ನನ್ನ ಗಂಡನಿಗೆ ಜಾಗ ಇಲ್ಲದ ಕಡೆ ನನಗೂ ಬೇಡ ಎಂದು. ಹೊಡೆದು ಹಾಕಿದೆ ಎಂದು ನಾನು ಉತ್ತರ ಬರೆದೆ. ಅದು ಸುಳ್ಳು. ಪೆನ್ನು ಮುಟ್ಟಲೂ ಇಲ್ಲ. ಏಳು ವರ್ಷವೂ ಪಾಸ್ಟರು ನಿನ್ನ ಹೆಸರು ಓದಿದ್ದಾರೆ, ಏಳು ವರ್ಷವೂ ನಾನು ಎದ್ದು ನಿಂತು ಬರುತ್ತಾಳೆ ಎಂದಿದ್ದೇನೆ. ಹಿಂದಿನ ಬೆಂಚಿನವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ನೋಡಿಕೊಳ್ಳಲಿ ಎಂದು ಇನ್ನೂ ಜೋರಾಗಿ ಹೇಳುತ್ತಿದ್ದೆ.

ಇದಕ್ಕೆ ನೀನು ಸಿಟ್ಟಾಗಬಹುದು. ಆದರೆ ಸಿಟ್ಟನ್ನೆಲ್ಲ ಇಲ್ಲೇ ಖರ್ಚು ಮಾಡಬೇಡ, ಮುಂದೆ ಇನ್ನೂ ದೊಡ್ಡದಿದೆ.

ಅವತ್ತು ನಡೆದದ್ದನ್ನು ಬರೆಯದೆ ನನಗೆ ಉಳಿಗಾಲವಿಲ್ಲ. ನಿನ್ನ ಮದುವೆಯಾಗಿ ಒಂದು ತಿಂಗಳು. ಆ ಭಾನುವಾರ ಅಳಿಯಂದಿರ ಹೆಸರನ್ನು ಪುಸ್ತಕಕ್ಕೆ ಸೇರಿಸಬೇಕಿತ್ತು. ಬೀಗ ರಿಪೇರಿಯವರಲ್ಲವೇ, ಹಿಂದಿನ ದಿನ ತಾವಾಗಿಯೇ ಬಂದು ಸಭೆಯ ಬೀರುವಿನ ಕೀಲು ಸರಿಮಾಡಿ ಕೊಟ್ಟಿದ್ದರು. ಬೆಳಿಗ್ಗೆ ಬೀರು ತೆರೆದರೆ ಕರ್ತನ ಭೋಜನದಲ್ಲಿ ದ್ರಾಕ್ಷಾರಸ ಕೊಡುವ ಬೆಳ್ಳಿ ಬಟ್ಟಲು ಇರಲಿಲ್ಲ. ನಾನು ಎಲ್ಲರ ಮುಂದೆ ಕೇಳಿದೆ, ಬೀರುವನ್ನು ಕೊನೆಗೆ ಮುಟ್ಟಿದ್ದು ಯಾರು ಅಂತ. ಕೇಳಿ ಅವರ ಕಡೆ ನೋಡಿದೆ. ಕಳ್ಳ ಎನ್ನಲಿಲ್ಲ. ಅಷ್ಟು ನೋಡಿದ್ದೇ ಸಾಕಾಯಿತು. ಅವರು ಹ್ಯಾಟು ತೆಗೆದುಕೊಂಡು ಮೆಟ್ಟಿಲಿಳಿದರು, ನೀನು ಅವರ ಹಿಂದೆ. ಮೆಟ್ಟಿಲಿನ ಮೇಲೆ ನಿನ್ನ ಚಪ್ಪಲಿಯ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಎರಡು ವರ್ಷ ಕಳೆದು ಆ ಬಟ್ಟಲು ಸಿಕ್ಕಿತು. ಎಲ್ಲಿ ಅಂತೀಯ? ನನ್ನ ತುಂಡು ಬಟ್ಟೆಯ ಟ್ರಂಕಿನ ತಳದಲ್ಲಿ, ಹಳೆ ಪರದೆಯ ಚೂರಿನಲ್ಲಿ ಸುತ್ತಿಕೊಂಡು. ಅದರ ಅಂಚು ಕಪ್ಪಾಗಿದೆ, ತಿಕ್ಕಿ ಬೆಳಗಿ ತರೋಣ ಎಂದು ಆ ಭಾನುವಾರದ ಹಿಂದಿನ ಶುಕ್ರವಾರ ನಾನೇ ಮನೆಗೆ ತಂದಿದ್ದೆ. ಅದೇ ಹೊತ್ತಿಗೆ ನಲವತ್ತು ಸ್ಕೂಲ್ ಯೂನಿಫಾರಂ ಬಂದು ಬಿತ್ತು. ಮರೆತೇ ಹೋಯಿತು. ದೇವರಾಣೆ ಎನ್ನುವುದಿಲ್ಲ, ಆಣೆ ಹಾಕುವಷ್ಟು ಮುಖ ನನಗಿಲ್ಲ, ಆದರೆ ನಿಜವಾಗಿಯೂ ಮರೆತಿದ್ದೆ.

ಸಿಕ್ಕ ದಿನವೇ ಓಡಿಹೋಗಿ ಎಲ್ಲರಿಗೂ ಹೇಳಬೇಕಿತ್ತು. ಹೇಳಲಿಲ್ಲ. ಸಂಜೆ ಯಾರೂ ಇಲ್ಲದಾಗ ಹೋಗಿ ಸಭೆಯ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಬಂದೆ. ಭಾನುವಾರ ಎಲ್ಲರಿಗೂ ಸಂಭ್ರಮವೋ ಸಂಭ್ರಮ. ಕದ್ದವರ ಮನಸ್ಸು ತಿರುಗಿತು ಎಂದು ಪಾಸ್ಟರು ಕಣ್ಣೀರು ಹಾಕಿ ಪ್ರಾರ್ಥಿಸಿದರು. ಆ ಕಳ್ಳನ ಆತ್ಮಕ್ಕಾಗಿ ಸಭೆಯೆಲ್ಲ ಸ್ತೋತ್ರ ಹೇಳಿತು. ಕಳ್ಳ ಯಾರು ಎಂದು ಅವರ ಮನಸ್ಸಿನಲ್ಲಿತ್ತೋ ಅದು ನಿನಗೂ ಗೊತ್ತು, ನನಗೂ ಗೊತ್ತು. ನಾನು ಮುಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿ, ತಲೆ ಬಗ್ಗಿಸಿ, ಆಮೆನ್ ಎಂದೆ. ಐದು ವರ್ಷದಿಂದ ಆ ಆಮೆನ್ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿದೆ.

ಆಮೇಲೆ ಭದ್ರತೆಗೆ ಎಂದು ಬೀರುವಿಗೆ ದೊಡ್ಡ ಬೀಗ ಜಡಿದರು. ಅದು ಹೋದ ವರ್ಷದಿಂದ ಕೆಟ್ಟು ಕೂತಿದೆ, ಬೀಗದ ಕೈ ತಿರುಗುವುದೇ ಇಲ್ಲ. ಬಟ್ಟಲು ಒಳಗೆ, ನಾವು ಹೊರಗೆ. ಕರ್ತನ ಭೋಜನ ಈಗ ಪಾಸ್ಟರ ಮನೆಯ ಗಾಜಿನ ಲೋಟದಲ್ಲಿ ನಡೆಯುತ್ತಿದೆ.

ಇವತ್ತಿನ ಕಥೆ ಕೇಳು. ಹಳೆ ಪುಸ್ತಕದ ಹೊಲಿಗೆ ಬಿಚ್ಚಿ ಹಾಳೆಗಳು ಕೈಗೆ ಬರುತ್ತಿದ್ದವು. ನಮ್ಮ ಸೈಕಲ್ ಅಂಗಡಿಯ ಹಿರಿಯರು ಕೆಂಪು ರಟ್ಟಿನ ಹೊಸ ಪುಸ್ತಕ ತಂದುಕೊಟ್ಟರು. ಒಂದು ತಿಂಗಳು ಕೂತು ನೂರ ನಲವತ್ತಮೂರು ಹೆಸರನ್ನೂ ನಕಲು ಮಾಡಿದೆ. ಮುತ್ತು ಪೋಣಿಸಿದ ಹಾಗಿದೆ ಎಂದರು ಎಲ್ಲರೂ. ನಾನೂ ಸ್ವಲ್ಪ ಉಬ್ಬಿದೆ. ಇವತ್ತು ಪಾಸ್ಟರು ಅದರಿಂದ ಓದಿದರು. ನಿನ್ನ ಅಪ್ಪನ ಹೆಸರು ಬಂತು, ಗಾಜು ಅದುರಿತು. ಮುಂದಿನದು ನನ್ನದು, ಅದಾದ ಮೇಲೆ ನಿನ್ನದು. ನಾನು ಎದ್ದು ನಿಂತೆ. ಪಾಸ್ಟರು ನಿನ್ನ ಹೆಸರು ಓದಿಬಿಟ್ಟರು.

ನಾನು ಬಾಯಿ ತೆರೆದವಳು ಹಾಗೆಯೇ ನಿಂತೆ. ಪಾಸ್ಟರು ಕನ್ನಡಕ ಒರೆಸಿಕೊಂಡು ಮೇಲೆ ನೋಡಿದರು, ಕೆಳಗೆ ನೋಡಿದರು, ಹಾಳೆ ತಿರುವಿದರು. ಏನಮ್ಮಾ ಇದು, ನಿಮ್ಮ ಹೆಸರೇ ಇಲ್ಲವಲ್ಲ ಎಂದರು. ಎಲ್ಲರ ಹೆಸರನ್ನೂ ಬರೆದು ನನ್ನದನ್ನು ಮರೆತುಬಿಟ್ಟಿದ್ದೆ! ಪಕ್ಕದಲ್ಲಿ ನಮ್ಮ ನರ್ಸಮ್ಮ ಕೂತಿದ್ದರು. ಆಸ್ಪತ್ರೆಯಿಂದ ನಿವೃತ್ತಿಯಾಗಿ ಹತ್ತು ವರ್ಷ, ಕಿವಿ ಮುಕ್ಕಾಲು ಮಂದ, ಗಂಟಲು ಮಾತ್ರ ಹೊಸದು. ಅವರಿಗೆ ಏನು ಅರ್ಥವಾಯಿತೋ, ನನ್ನ ತೋಳು ಹಿಡಿದು ಎತ್ತಿ, ಇದ್ದಾರೆ ಎಂದು ಕೂಗಿದರು. ಅಷ್ಟೇ ಸಾಕಾಯಿತು, ಇಡೀ ಸಭೆ ಒಟ್ಟಿಗೆ ಇದ್ದಾರೆ ಎಂದಿತು. ಅದು ಸತ್ತವರಿಗೆ ಕೊಡುವ ಉತ್ತರ, ಚಿನ್ನಿ! ಒಂದು ಕ್ಷಣ ಎಲ್ಲರೂ ನಾಲಗೆ ಕಚ್ಚಿಕೊಂಡರು, ಆಮೇಲೆ ನಗು ಕಟ್ಟೆಯೊಡೆಯಿತು. ಸೈಕಲ್ ಹಿರಿಯರು, ಸತ್ತ ಮೇಲೆ ಅನ್ನಿಸ್ಕೊಳ್ಳೋದನ್ನ ಕಿವಿಯಾರೆ ಕೇಳಿಸ್ಕೊಂಡ್ರಿ, ಅದೃಷ್ಟವಂತರು ಅಂತ ತಮಾಷೆ ಮಾಡಿದರು.

ಎಲ್ಲರೂ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಪುಸ್ತಕದಲ್ಲಿ ಇಲ್ಲದವಳಿಗೆ ಇಷ್ಟು ಜನ ಒಂದೇ ಉಸಿರಿನಲ್ಲಿ ಇದ್ದಾರೆ ಎಂದರಲ್ಲ, ಒಬ್ಬರೂ ಯೋಚಿಸಲಿಲ್ಲವಲ್ಲ ಎಂದುಕೊಂಡೆ. ಅಳಿಯಂದಿರಿಗೆ ಇಷ್ಟು ಸಿಕ್ಕಿದ್ದರೆ ಸಾಕಿತ್ತು. ಅದನ್ನು ತಪ್ಪಿಸಿದವಳು ನಾನು. ನಿಂತಲ್ಲಿಯೇ ಎಲ್ಲ ಹೇಳಿಬಿಟ್ಟೆ. ಟ್ರಂಕು, ಪರದೆಯ ಚೂರು, ಕಿಟಕಿಯ ಕಟ್ಟೆ, ಆಮೆನ್, ಒಂದನ್ನೂ ಬಿಡಲಿಲ್ಲ.

ಹೇಳಿ ಮುಗಿಸಿ ಇನ್ನೇನು ಕೂರಬೇಕು, ಕಿವಿ ಕೇಳದ ನರ್ಸಮ್ಮ ಸುತ್ತ ಇದ್ದವರನ್ನು ಏನಂದ್ಲು, ಏನಂದ್ಲು ಅಂತ ಕೇಳತೊಡಗಿದರು. ಕೊನೆಗೆ ನಾನೇ ಅವರ ಕಿವಿಗೆ ಬಾಯಿಟ್ಟು, ಬಟ್ಟಲು ನಮ್ಮನೇಲೇ ಇತ್ತು, ಅಳಿಯಂದಿರು ಕದ್ದಿಲ್ಲ ಎಂದು ಇನ್ನೊಂದು ಸಲ ಕಿರುಚಬೇಕಾಯಿತು. ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತು ಮೇಲೆ ನೋಡಿದರಂತೆ. ಐದು ವರ್ಷ ಅಡಗಿಸಿಟ್ಟದ್ದು ಎರಡೇ ನಿಮಿಷದಲ್ಲಿ ಊರಿಗೆಲ್ಲ ಗೊತ್ತಾಯಿತು.

ಸೈಕಲ್ ಹಿರಿಯರು ತಮಾಷೆ ಬಿಟ್ಟು ಎದ್ದು ನಿಂತರು. ಮುಖ ಕೆಂಪಾಗಿತ್ತು. ನೀವು ಒಬ್ರು ನೋಡಿದ್ರಿ ಅಮ್ಮಾ, ನಿಮ್ಮ ಹಿಂದೆ ತಿರುಗಿ ನೋಡಿದವರು ನಾವೆಲ್ಲ, ಆ ಕಣ್ಣು ನಮ್ಮದೇ ಅಲ್ವಾ ಎಂದು ಹೇಳಿ ಅತ್ತುಬಿಟ್ಟರು. ಆಮೇಲೆ ಪಾಸ್ಟರು ಪೆನ್ನನ್ನು ನರ್ಸಮ್ಮನ ಕೈಗೆ ಕೊಟ್ಟು ನನ್ನ ಹೆಸರು ಬರೆಯಲು ಹೇಳಿದರು. ನಾನು ಬರೆದುಕೊಳ್ಳುತ್ತೇನೆ ಎಂದರೆ ಕೊಡಲಿಲ್ಲ. ತನ್ನ ಹೆಸರನ್ನು ತಾನೇ ಬರೆದುಕೊಂಡು ಆ ರಾಜ್ಯಕ್ಕೆ ಯಾರೂ ಸೇರುವುದಿಲ್ಲ ಎಂದರು. ನರ್ಸಮ್ಮನದು ಕೋಳಿ ಕೆದರಿದ ಅಕ್ಷರ. ನನ್ನ ಮುತ್ತಿನ ಸಾಲುಗಳ ನಡುವೆ ಸೊಟ್ಟಗೆ ಕೂತಿದೆ ನನ್ನ ಹೆಸರು. ಇಡೀ ಪುಸ್ತಕದಲ್ಲಿ ಅದಕ್ಕಿಂತ ಚೆಂದದ ಸಾಲು ನನಗೆ ಕಾಣಲಿಲ್ಲ.

ಮೂವತ್ತು ವರ್ಷ ನಾನು ಆ ರಾಜ್ಯದ ಗುಮಾಸ್ತೆ ಎಂದುಕೊಂಡಿದ್ದೆ ಕಣೇ. ಯಾರು ಒಳಗೆ, ಯಾರು ಹೊರಗೆ ಎಂದು ಬಾಗಿಲಲ್ಲಿ ಕೂತು ನೋಡುವವಳು. ನಿನ್ನ ಅಪ್ಪ ಹೇಳುತ್ತಿದ್ದರು, ಪರಲೋಕಕ್ಕೆ ಹೋದ ಮೇಲೆ ಪ್ರಜೆ ಆಗೋದಲ್ಲ, ಆ ಊರಿನ ರೀತಿಯಲ್ಲಿ ಈ ಬೀದೀಲೇ ಬದುಕೋದು ಅಂತ. ಹೂಂ ಹೂಂ ಎಂದು ಗುಂಡಿ ಹೊಲಿಯುತ್ತಿದ್ದೆ. ಇವತ್ತು ಅರ್ಥವಾಯಿತು. ಮೆಟ್ಟಿಲಿಳಿದು ಬರುವಾಗ ಮೈ ಎಷ್ಟು ಹಗುರವಾಗಿತ್ತೆಂದರೆ ಮೊಣಕಾಲು ನೋವು ನೆನಪಾದದ್ದೇ ಮನೆ ಮುಟ್ಟಿದ ಮೇಲೆ.

ಅಳಿಯಂದಿರಿಗೆ ಬೇರೆ ಪತ್ರ ಬರೆದು ಇದರೊಳಗೆ ಇಟ್ಟಿದ್ದೇನೆ. ಅದರಲ್ಲಿ ತಮಾಷೆ ಇಲ್ಲ, ಕ್ಷಮಿಸಿ ಎಂದಷ್ಟೇ ಇದೆ. ಕ್ಷಮಿಸಲೇಬೇಕೆಂದು ಕೇಳುವ ಹಕ್ಕು ನನಗಿಲ್ಲ. ಅವರು ಓದದೆ ಇಟ್ಟರೂ ಒತ್ತಾಯ ಮಾಡಬೇಡ. ಸಭೆಯ ಹಿರಿಯರೂ ನಿಮ್ಮನ್ನು ಕಾಣಲು ಬರುತ್ತೇವೆ ಎನ್ನುತ್ತಿದ್ದಾರೆ. ನೀವು ಒಪ್ಪಿದರೆ ಮಾತ್ರ ಎಂದು ತಡೆದಿದ್ದೇನೆ. ಬೀರುವಿನ ಬೀಗ ಒಡೆಯೋಣ ಎಂದು ಯಾರೋ ಅಂದರು, ನರ್ಸಮ್ಮ ಬಿಡಲಿಲ್ಲ. ಅದನ್ನು ತೆಗೆಯೋರು ಬರ್ತಾರೆ, ಅಲ್ಲೀವರೆಗೆ ಲೋಟ ಸಾಕು ಎಂದರು. ಹೊಸ ಪುಸ್ತಕದಲ್ಲಿ ನಿನ್ನ ಹೆಸರಿನ ಕೆಳಗೆ ಎರಡು ಸಾಲು ಖಾಲಿ ಬಿಟ್ಟಿದ್ದೇನೆ. ಒಂದು ಅವರಿಗೆ, ಒಂದು ಪುಟ್ಟಿಗೆ.

ಬರುವಾಗ ಆ ಫ್ರಾಕು ತಪ್ಪದೆ ತಾ, ಅಂಚು ಬಿಚ್ಚಿ ಹೊಲಿದು ಕೊಡುತ್ತೇನೆ. ಹಸಿವಾಗುತ್ತಿದೆ, ಏಳುತ್ತೇನೆ.

ಕರ್ತನ ಕೃಪೆಯಿಂದ ಮಾತ್ರ ಪುಸ್ತಕದಲ್ಲಿರುವ,
ನಿನ್ನ ಅಮ್ಮ

ಮರೆತ ಮಾತು: ಇಷ್ಟೆಲ್ಲ ಒಪ್ಪಿಕೊಂಡರೂ ಈ ಪತ್ರದಲ್ಲೇ ಒಂದು ಸುಳ್ಳು ಬರೆದಿದ್ದೇನೆ. ನನ್ನ ಹೆಸರು ಬರೆಯಲು ಮರೆಯಲಿಲ್ಲ. ನಕಲು ಮಾಡುವಾಗ ನಿನ್ನ ಅಪ್ಪನ ಹೆಸರು ಮುಗಿಸಿ ನನ್ನದಕ್ಕೆ ಪೆನ್ನು ಎತ್ತಿದೆ. ಚಹಾ ಆರಿ ತಣ್ಣಗಾಗುವವರೆಗೂ ಕೂತಿದ್ದೆ, ಕೈ ಮುಂದಕ್ಕೆ ಹೋಗಲಿಲ್ಲ. ನಿಮ್ಮಿಬ್ಬರನ್ನು ಮೆಟ್ಟಿಲಿಳಿಸಿದವಳನ್ನು ಯಾವ ಮುಖದಿಂದ ಬರೆಯಲಿ? ಬಿಟ್ಟು ನಿನ್ನ ಹೆಸರಿಗೆ ಹೋದೆ. ಇದನ್ನು ಸಭೆಗೆ ಹೇಳಿಲ್ಲ, ನಿನಗೊಬ್ಬಳಿಗೇ. ಇನ್ನೊಂದು, ಮುಂದಿನ ವರ್ಷ ನಿನ್ನ ಹೆಸರು ಓದಿದಾಗ ನಾನು ಏಳುವುದಿಲ್ಲ, ಬಾಯಿ ಬಿಗಿಹಿಡಿದು ಕೂತಿರುತ್ತೇನೆ. ಉತ್ತರ ನೀನೇ ಬಂದು ಕೊಡು.