ಕಪ್ಪು ಗೌನಿನ ಜರಿ ತೋಳು

ಅಮ್ಮಾ,

ಅಪ್ಪ ಪ್ಯಾರಿಸ್ಸಿನಿಂದ ತಂದಿದ್ದ ನಿನ್ನ ತೋಳಿಲ್ಲದ ಕಪ್ಪು ವೆಲ್ವೆಟ್ ಗೌನನ್ನು ಇವತ್ತು ಮಟ್ಟಾಂಚೇರಿಯ ನನ್ನ ಬಟ್ಟೆ ಅಂಗಡಿಯಲ್ಲಿ ಮಾರಾಟಕ್ಕೆಂದು ಗೊಂಬೆಗೆ ತೊಡಿಸಿದೆ. ಹಳೆಯ ಡಿಸೈನರ್ ಉಡುಪು ಮೊದಲಿದ್ದಂತೆಯೇ ಇರಬೇಕೆಂದು, ನೀನು ನಿನ್ನ ಜರಿಯ ಧಾರೆ ಸೀರೆ ಕತ್ತರಿಸಿ ಹೊಲಿದಿದ್ದ ತೋಳುಗಳನ್ನು ಬೆಳಿಗ್ಗೆಯೇ ಬಿಚ್ಚಿದ್ದೆ. ತಿರುವನಂತಪುರದಲ್ಲಿ ಅಪ್ಪನ ಆಫೀಸಿನ ಡಿನ್ನರಿಗೆ ಆ ತೋಳಿನ ಗೌನು ತೊಟ್ಟು ನೀನು ಹೊರಟಾಗ, "ಇದೇನಮ್ಮಾ, ಡ್ರಾಮಾ ಕಂಪನಿ ವೇಷ!" ಎಂದು ನಕ್ಕಿದ್ದೆನಲ್ಲ. ನೀನು ಅದನ್ನು ಕಳಚಿ ಸೀರೆ ಉಟ್ಟು ಹೋದೆ. ಮತ್ತೆಂದೂ ಅದನ್ನು ತೊಡಲಿಲ್ಲ.

ಸಂಜೆ, ಮದುವೆಯ ರಿಸೆಪ್ಶನ್ನಿಗೆಂದು ಗೌನು ಹುಡುಕಿಕೊಂಡು ಒಬ್ಬಳು ಬಂದಳು. "ಚೇಚಿ, ನೀವು ಆನ್‌ಲೈನಿನಲ್ಲಿ ಹಾಕಿದ್ದ ಫೋಟೋದಲ್ಲಿ ಜರಿ ತೋಳಿತ್ತಲ್ಲ, ಅದಕ್ಕೇ ಬಂದೆ," ಎಂದಳು.

ಆ ತೋಳಿನ ಗೌನು ಮಾರಿಹೋಯಿತು ಎಂದು ಕಳಿಸಿಬಿಟ್ಟೆ. ಆಮೇಲೆ ಬಾಗಿಲು ಹಾಕಿ, ಚಿಂದಿಯ ಬುಟ್ಟಿಯಿಂದ ತೋಳುಗಳನ್ನು ತೆಗೆದು ತೊಟ್ಟು ನೋಡಿದೆ.

ನನ್ನ ಕೈಗೆ ಸರಿಯಾಗಿವೆ, ಅಮ್ಮಾ.