ಗೇಟಿನಲ್ಲಿ ನಿಂತ ರೈಹಾನಾ ಟೀಚರ್

ಡೊಂಬಿವಲಿ ಪೂರ್ವ
೯-೧೧-೨೦೧೦, ಮಂಗಳವಾರ

ಪ್ರೀತಿಯ ಮಗಳು ಶರ್ಮಿಳಾಳಿಗೆ ಅಪ್ಪನ ಆಶೀರ್ವಾದಗಳು.

ನಾಗಪುರದಲ್ಲಿ ಚಳಿ ಶುರುವಾಗಿರಬೇಕು. ನಿನ್ನ ಕುತ್ತಿಗೆ ನೋವು ಹೇಗಿದೆ? ಬ್ಯಾಂಕಿನವರು ಆ ಮುರುಕು ಕುರ್ಚಿ ಬದಲಿಸಿಕೊಟ್ಟರೇ? ದೀಪಾವಳಿಗೂ ನೀನು ಬರಲಿಲ್ಲ. ಬೇಸರವಿಲ್ಲ, ಟ್ರಾನ್ಸ್‌ಫರಾದ ಹೊಸತರಲ್ಲಿ ರಜೆ ಯಾರು ಕೊಡುತ್ತಾರೆ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಕೌಂಟರಿಗೆ ಯಾರಾದರೂ ಬಂದಿರುತ್ತಾರೆ, ಆದ್ದರಿಂದ ಈ ಕಾಗದ. ನನ್ನ ಮಂಡಿ ಹಾಗೇ ಇದೆ. ನಿನ್ನ ಮಗಳು ತನ್ವಿ ಚೆನ್ನಾಗಿದ್ದಾಳೆ, ಅಂದರೆ ಊಟ ಮಾಡುತ್ತಾಳೆ, ನನ್ನೊಡನೆ ಮಾತಿಲ್ಲ. ಮೊದಲೆಲ್ಲ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಾದರೂ ಉತ್ತರ ಬರುತ್ತಿತ್ತು. ಈಗ ಅದೂ ಇಲ್ಲ.

ಸಂಜೆಯಾದರೆ ಟಿವಿಯಲ್ಲಿ ಅದೇ ಜಗಳ. ಫ್ರಾನ್ಸಿನಲ್ಲಿ ಮುಖ ಮುಚ್ಚಬಾರದೆಂದು ಕಾನೂನು ಮಾಡಿದರಲ್ಲ, ನಮ್ಮಲ್ಲೂ ಬೇಕೋ ಬೇಡವೋ ಎಂದು ನಾಲ್ಕು ಜನ ಒಟ್ಟಿಗೆ ಕೂಗುತ್ತಾರೆ, ನಾಲ್ವರೂ ಗಂಡಸರು. ನಮ್ಮ ಕಾಲೇಜಿನ ಡಿಬೇಟಿನಲ್ಲಿ ಒಬ್ಬ ಮುಗಿಸಿದ ಮೇಲೆ ಇನ್ನೊಬ್ಬ ಏಳುತ್ತಿದ್ದ. 'ಮಿಸ್ಟರ್ ಪ್ರೆಸಿಡೆಂಟ್, ವಿತ್ ಡ್ಯೂ ರೆಸ್ಪೆಕ್ಟ್', ಆಮೇಲೆ ಏನೋ ಇತ್ತು, ಮರೆತೆ. ನನಗೂ ಬುರ್ಖಾ ಹಿಡಿಸುವುದಿಲ್ಲ, ನಿನಗೆ ಗೊತ್ತು. ಈ ಸೆಕೆಯಲ್ಲಿ ಹೇಗೆ ತಡೆದುಕೊಳ್ಳುತ್ತಾರೋ ಎಂದರೆ, 'ನೀವು ಮೇ ತಿಂಗಳಲ್ಲಿ ಶೂ, ಟೈ ಹಾಕ್ಕೊಂಡು ಲೋಕಲ್ ಹತ್ತೋದಿಲ್ವಾ' ಎಂದು ನಿನ್ನ ಅಮ್ಮ ಹರಿಣಾಕ್ಷಿ ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಅವಳು ಇರಬೇಕಿತ್ತು ಈಗ.

ತನ್ವಿಗೆ ಗಣಿತ ಹೇಳಿಕೊಡಲು ನೀನೇ ಗೊತ್ತುಮಾಡಿ ಹೋದ ರೈಹಾನಾ ಟೀಚರ್ ವಿಠ್ಠಲವಾಡಿಯಿಂದ ಬರುತ್ತಿದ್ದರಲ್ಲ, ಅವರ ವಿಷಯ. ಕಟಪಾಡಿಯವರು, ಬಾಗಿಲಲ್ಲೇ 'ಎಂಚ ಉಲ್ಲರ್ ಅಂಕಲ್' ಎಂದು ತುಳುವಿನಲ್ಲಿ ಕ್ಷೇಮ ಕೇಳುವವರು. ಮುಖದ ಬಟ್ಟೆ ತೆಗೆಯುವುದು ಒಳಕೋಣೆಗೆ ಹೋದ ಮೇಲೆ; ನಾನು ಅವರ ಮುಖ ಕಂಡೇ ಇಲ್ಲ. ಈ ಟಿವಿ ಜಗಳಕ್ಕೆ ನೀವೇನು ಹೇಳುತ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ, 'ಟಿವಿಯವರು ನನ್ನನ್ನು ಕರೀಲಿಲ್ಲ ಅಂಕಲ್. ನಮಗೆ ಇವತ್ತು ಇಂಟಿಗ್ರೇಷನ್ ಮುಗೀಬೇಕು' ಎಂದರು.

ಹಬ್ಬಕ್ಕೆ ಮುಂಚೆ ನಮ್ಮ ಸೊಸೈಟಿಯ ಬಿ ವಿಂಗಿನಲ್ಲಿ ಕಳ್ಳತನವಾಯಿತು. ಕಳ್ಳನನ್ನು ಕಂಡವರಿಲ್ಲ. ಆದರೂ ಚೇರ್ಮನ್ ಹರಿಶ್ಚಂದ್ರ ಬುರ್ಖಾದವರಿಗೆ ಪ್ರವೇಶವಿಲ್ಲವೆಂದು ಗೇಟಿಗೆ ಬೋರ್ಡ್ ಹಾಕಿಸಲು ಹೊರಟ, ಇಂಗ್ಲಿಷ್ ತಿದ್ದಿಕೊಡಿ ಎಂದು ನನ್ನಲ್ಲಿಗೇ ಬಂದ. ಒಂದೇ ಮತದವರ ಮೇಲೆ ಬೆರಳು ತೋರಿಸುವುದು ಸರಿಯಲ್ಲವೆಂದು ನಾನು 'ಎನಿ ಪರ್ಸನ್ ವಿತ್ ಕವರ್ಡ್ ಫೇಸ್', ಮುಖ ಮುಚ್ಚಿದವರು ಯಾರೇ ಆಗಲಿ, ಎಂದು ಮಾಡಿದೆ. ಎಲ್ಲರಿಗೂ ಒಂದೇ ಆಯಿತಲ್ಲ ಎಂದು ಸಮಾಧಾನವೂ ಪಟ್ಟೆ.

ಶನಿವಾರ ತನ್ವಿ, ಟೀಚರ್ ಸ್ಟೇಷನ್ನಿನಿಂದ ಜೊತೆಗೇ ಬಂದರು. ನಮ್ಮ ಹುಡುಗಿಯರು ಧೂಳಿಗೆ, ಆ ಕೆಮಿಕಲ್ ವಾಸನೆಗೆ ಸ್ಕಾರ್ಫ್ ಸುತ್ತುವ ಪರಿ ನಿನಗೆ ಗೊತ್ತಲ್ಲ, ಕಣ್ಣು ಬಿಟ್ಟರೆ ಏನೂ ಕಾಣುವುದಿಲ್ಲ. ನೀನೂ ಹಾಗೇ ಕಟ್ಟುತ್ತಿದ್ದೆ. ವಾಚ್‌ಮನ್ ಮುರಾರಿ 'ಆವೊ ಬೇಬಿ' ಎಂದು ಅವಳಿಗೆ ಗೇಟು ತೆಗೆದ. ಹಿಂದೆಯೇ ಬಂದ ಟೀಚರಿಗೆ ಕೋಲು ಅಡ್ಡ ಹಿಡಿದ. 'ಮೇರಾ ಭೀ ತೋ ಢಕಾ ಹೈ, ಪೆಹಲೇ ಮುಝೆ ರೋಕೋ' ಎಂದು, ತನ್ನ ಮುಖವೂ ಮುಚ್ಚಿದೆಯಲ್ಲ, ಮೊದಲು ತನ್ನನ್ನೇ ತಡೆಯಲಿ ಎಂದು ತನ್ವಿ ಅಲ್ಲೇ ನಿಂತಳು. ಹರಿಶ್ಚಂದ್ರ ಬಂದವನು, 'ನಿಂದು ಧೂಳಿಗೆ ಮಗಾ, ಅದು ಬೇರೆ, ಇದು ಬೇರೆ' ಎಂದ. ಯಾರಾದರೂ ಹೆಂಗಸರನ್ನು ಕರೆಸಿ, ಮುಖ ತೋರಿಸುತ್ತೇನೆ ಎಂದರು ಟೀಚರ್. ಯಾರೂ ಇಳಿದು ಬರಲಿಲ್ಲ. ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಈ ಮಂಡಿ ಎಳೆದುಕೊಂಡು ಕೆಳಗೆ ಮುಟ್ಟುವಷ್ಟರಲ್ಲಿ ಅವರ ರಿಕ್ಷಾ ಹೋಗಿಯಾಗಿತ್ತು.

ತನ್ವಿ ಅಂದು ನನಗೆ ಹೇಳಿದ್ದು ಒಂದೇ ಮಾತು: 'ಅಜ್ಜ, ಬೋರ್ಡ್ ಆಪ್‌ನೇ ಲಿಖಾ ನಾ?' ಬರೆದದ್ದು ನಾನೇ, ಹೌದು. ಫೋನ್ ಮಾಡಿ ಟೀಚರ ಕ್ಷಮೆ ಕೇಳಿದೆ. 'ನಿಮ್ಮ ಮೇಲೆ ಕೋಪ ಇಲ್ಲ. ಆದ್ರೆ ಗೇಟಲ್ಲಿ ದಿನಾ ಪರೀಕ್ಷೆ ಕೊಡ್ಲಿಕ್ಕೆ ನನ್ನಿಂದಾಗ್ಲಿಕ್ಕಿಲ್ಲ' ಎಂದರು. ತನ್ವಿಯ ಹನ್ನೆರಡನೆಯ ತರಗತಿಯ ಪರೀಕ್ಷೆ ಫೆಬ್ರವರಿಯಲ್ಲಿ. ಬುರ್ಖಾ ಸರಿಯೋ ತಪ್ಪೋ, ಬೆಳಿಗ್ಗೆ ಒಂದು ಕಡೆ ವಾಲುತ್ತೇನೆ, ಸಂಜೆಗೆ ಇನ್ನೊಂದು ಕಡೆ. ಆದರೆ ಗೇಟು ದಾಟುವಾಗ ಆ ಬೋರ್ಡಿನತ್ತ ತಲೆ ಎತ್ತಲಾಗುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಊರ ದೈವಗಳು ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಮುಂಡಪ್ಪ

ಮರೆತೆ: ಬೋರ್ಡ್ ಕಾಯಂ ಮಾಡಲು ಇದೇ ಇಪ್ಪತ್ತೊಂದು, ಭಾನುವಾರ ಸೊಸೈಟಿಯ ಸಭೆ. ನಾನು ಮಾತಾಡುತ್ತೇನೆ ಎಂದೆ. 'ಫ್ಲ್ಯಾಟು ಮಗಳ ಹೆಸರಲ್ಲಿದೆ, ನೀವು ಮೆಂಬರ್ ಅಲ್ವಲ್ಲ ಮುಂಡಪ್ಪಣ್ಣ' ಎಂದು ಹರಿಶ್ಚಂದ್ರ ನಕ್ಕ. ಹೇಗಾದರೂ ರಜೆ ಹಾಕಿ ಬಾ. ಸ್ಟೇಷನ್ನಿನಿಂದ ಮೊದಲಿನ ಹಾಗೆ ಮುಖಕ್ಕೆ ಸ್ಕಾರ್ಫ್ ಕಟ್ಟಿಕೊಂಡೇ ಬಾ. ಮುರಾರಿ ಗೇಟು ತೆಗೆಯುತ್ತಾನೆ. ಒಳಗೆ ಬರಬೇಡ, ಬೋರ್ಡಿನ ಕೆಳಗೇ ನಿಲ್ಲು. ತನ್ವಿಯ ಇನ್ನೊಂದು ಸ್ಕಾರ್ಫ್ ಸುತ್ತಿಕೊಂಡು ನಾನೂ ಅಲ್ಲೇ ಇರುತ್ತೇನೆ. 'ಎನಿ ಪರ್ಸನ್' ಎಂದಲ್ಲವೇ ನಾನು ಬರೆದದ್ದು.